ಕಿಟಕಿಯ ಮೇಲೆ ಮೂರು ಬೆರಳು

ಊಟದ ಮೇಜಿನ ಮೇಲೆ ನಾಲ್ಕು ಹೆಂಚುಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದ ಅವನಿಗೆ ನಾಲ್ಕರ ಮೇಲೂ ಒಂದೇ ಸಮನೆ ಸಿಟ್ಟು ಬರುತ್ತಿತ್ತು. ಒಂದು ಕಪ್ಪು, ಒಂದು ಬೂದಿ, ಒಂದು ಕಂದು, ಇನ್ನೊಂದು ಹೊಳಪು ತೆಗೆದ ಕಪ್ಪು. ಹೆಸರಿಗಷ್ಟೇ ಹೆಂಚು, ಮಣ್ಣಲ್ಲ, ಗಾಜು. ಚಾವಣಿಗೆ ಹೊದಿಸಿದರೆ ಬೀದಿಯಲ್ಲಿ ಹೋಗುವವರಿಗೆ ಮಾಮೂಲಿ ಮನೆಯ ಹಾಗೇ ಕಾಣುತ್ತದೆ, ಒಳಗೊಳಗೇ ಬಿಸಿಲು ಕುಡಿದು ಕರೆಂಟು ಮಾಡುತ್ತಿರುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ ಎಂದು ಹೆಂಚಿನ ಕಂಪನಿಯವಳು ಹೊಗಳಿದ್ದಳು. ಗೊತ್ತಾಗದೇ ಇರುವುದೇ ಒಂದು ವಸ್ತುವಿನ ಹೆಚ್ಚುಗಾರಿಕೆಯಾದರೆ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಮಲಗುವುದು ಹೇಗೆ ಎಂದು ಅವನು ಕೇಳಬೇಕೆಂದಿದ್ದ. ಕೇಳಲಿಲ್ಲ. ಕೇಳಿದ್ದರೆ ಹೆಂಡತಿ ಅವನ ಮುಖ ನೋಡುತ್ತಿದ್ದಳು. ಈಚೆಗೆ ಅವಳು ಮುಖ ನೋಡಿದರೆ ಅವನಿಗೆ ತನ್ನ ಕೆಲಸದ ಕೋಣೆ ನೆನಪಾಗುತ್ತಿತ್ತು. ವಿದ್ಯುತ್ ಕಚೇರಿಯ ಹಿಂಭಾಗದಲ್ಲಿ, ಜನ ಕೆಟ್ಟಿದೆ ಎಂದು ತಂದುಕೊಟ್ಟ ಮೀಟರುಗಳನ್ನು ಪರೀಕ್ಷೆ ಮಾಡುವ ಉದ್ದನೆಯ ಕೋಣೆ ಅದು. ಅಲ್ಲಿ ಅವನು ಇಪ್ಪತ್ತೆರಡು ವರ್ಷಗಳಿಂದ ಮೀಟರಿನ ಮುಖ ನೋಡಿ, ಸೀಲು ಮುಟ್ಟಿ, ಯಾರೋ ಒಳಗೆ ಕೈಯಾಡಿಸಿದ್ದಾರೆಯೇ ಇಲ್ಲವೇ ಎಂದು ಹೇಳುತ್ತ ಬಂದಿದ್ದ. ಸಾಮಾನ್ಯವಾಗಿ ಕೈಯಾಡಿಸಿರುತ್ತಿದ್ದರು. ಸಾಮಾನ್ಯವಾಗಿ ಇಲ್ಲ ಎನ್ನುತ್ತಿದ್ದರು.

ಎರಡು ವಾರದಿಂದ ಅವನು ಹೆಂಚು ಆರಿಸುತ್ತಿದ್ದ. ನಾಲ್ಕನ್ನೂ ಊಟದ ಚೀಲದಲ್ಲಿ ಕಚೇರಿಗೆ ಹೊತ್ತುಕೊಂಡು ಹೋಗಿ, ಅಂಗಳದ ಗೋಡೆಗೆ ಒರಗಿಸಿ, ತಂತಿ ಕೊಟ್ಟು, ಗಂಟೆಗೊಮ್ಮೆ ಎಷ್ಟು ಹುಟ್ಟಿತು ಎಂದು ಬರೆದುಕೊಂಡಿದ್ದ. ಕಂದು ಬಣ್ಣದ್ದು ಕಪ್ಪಿಗಿಂತ ಕಡಿಮೆ ಕೊಡುತ್ತಿತ್ತು. ಬಣ್ಣಕ್ಕೆ ಒಂದಷ್ಟು ಬಿಸಿಲು ಖರ್ಚಾಗುತ್ತದೆ. ಹೆಂಡತಿಗೆ ಬೇಕಾಗಿದ್ದು ಕಂದೇ. ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡ ಪೇರಿಸಿ ಕಟ್ಟಿದ ಮನೆಗೆ ಕಪ್ಪು ಚಾವಣಿ ಹಾಕಿದರೆ ಮಸಿ ಬಳಿದುಕೊಂಡ ತಲೆಯ ಹಾಗಿರುತ್ತೆ ಅಂದಿದ್ದಳು. ಅವನು ಲೆಕ್ಕದ ಹಾಳೆ ಮುಂದಿಟ್ಟಿದ್ದ. ಅವಳು ಅದರ ಮೇಲೆ ಟೀ ಲೋಟ ಇಟ್ಟಿದ್ದಳು.

"ನನ್ನನ್ನ ಒಪ್ಪೋಕೂ ನಿಮಗಿಷ್ಟು ಹೊತ್ತು ಹಿಡೀಲಿಲ್ಲ," ಎಂದಳು ಈಗ, ಒಳಗಿಂದ ಒಣಗಿದ ಬಟ್ಟೆಯ ಗುಡ್ಡೆಯನ್ನು ಎದೆಗವಚಿಕೊಂಡು ಬರುತ್ತ.

"ಒಂದು ಸಲ ಹಾಕಿದ್ರೆ ಮೂವತ್ತು ವರ್ಷ ಇರುತ್ತೆ. ನೋಡಿ ಹಾಕಬೇಕು."

"ಅದನ್ನೇ ಹೇಳಿದ್ದು ನಾನೂ." ಅವಳು ನಗಲಿಲ್ಲ. "ಹತ್ತು ಗಂಟೆಗೆ ಕಂಪನಿಯವಳು ಬರ್ತಾಳೆ. ಅವನೂ ಬರ್ತಾನೆ."

ಅವನು ಎಂದರೆ ಅವಳ ತಮ್ಮ. ಎರಡು ವರ್ಷದಿಂದ ಅವಳ ಬಾಯಲ್ಲಿ ಅವನು 'ನನ್ನ ತಮ್ಮ' ಆಗಿರಲಿಲ್ಲ. ಈ ಮನೆ ಕಟ್ಟಿದ ಬಡಗಿ ಅವನೇ. ದಿಮ್ಮಿ ಮನೆಗೆ ಈ ಹೆಂಚು ಹಾಕಬೇಕಾದರೆ ಮರ ಒಣಗಿ ಗೋಡೆಗಳು ಇಳಿಯುವುದು ನಿಂತಿದೆ, ಚಾವಣಿ ಮಟ್ಟಸವಾಗಿದೆ ಎಂದು ಕಟ್ಟಿದವನೇ ಬಂದು ನೋಡಿ ಸಹಿ ಹಾಕಬೇಕಂತೆ, ಕಂಪನಿಯ ಕಟ್ಟಳೆ. ಅದನ್ನು ಕೇಳಿದ ದಿನವೇ ಗಂಡ ನಾಲ್ಕೂ ಹೆಂಚನ್ನು ಕಚೇರಿಗೆ ಹೊರಲು ಶುರು ಮಾಡಿದ್ದು. ಬಣ್ಣ ತೀರ್ಮಾನವಾಗುವ ತನಕ ಸಹಿಯ ಮಾತು ಬರುವುದಿಲ್ಲ. ಎರಡು ವಾರ ಬರಲಿಲ್ಲ. ನಿನ್ನೆ ಸಂಜೆ ಹೆಂಡತಿ ತಾನೇ ಫೋನು ಮಾಡಿ ಇಬ್ಬರನ್ನೂ ಬರಹೇಳಿ, ಆಮೇಲೆ ಅವನಿಗೆ ತಿಳಿಸಿದ್ದಳು, ಹಾಲಿನವನು ನಾಳೆ ಬರುವುದಿಲ್ಲವಂತೆ ಎನ್ನುವ ದನಿಯಲ್ಲಿ.

ಅವನು ಎದ್ದು ಮಲಗುವ ಕೋಣೆಗೆ ಹೋದ. ಹೋಗಬಾರದು ಎಂದುಕೊಂಡೇ ಹೋದ. ಹಾಸಿಗೆಯ ಎದುರಿನ ಕಿಟಕಿಯ ಗಾಜಿನಲ್ಲಿ ಮೂಲೆಯಿಂದ ಮೂಲೆಗೆ ಬಿರುಕು. ಅದರ ಗುಂಟ ಅಂಟಿಸಿದ್ದ ಪಾರದರ್ಶಕ ಪಟ್ಟಿ ಎರಡು ವರ್ಷದ ಬಿಸಿಲಿಗೆ ಹಳದಿಯಾಗಿತ್ತು. ಚೌಕಟ್ಟಿನ ಎರಡೂ ಬದಿಗೆ ದಿಮ್ಮಿ ದಿಮ್ಮಿಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಹೆಂಡತಿ ಅಲ್ಲಿಗೆ ಹಳೆ ಬಟ್ಟೆ ತುರುಕಿದ್ದಳು. ಚೌಕಟ್ಟಿನ ಮೇಲುಗಡೆ ಮಾತ್ರ ಎಲ್ಲ ಕ್ಷೇಮವಾಗಿತ್ತು. ಅಂಗೈಯಗಲದ ಅಲಂಕಾರದ ಪಟ್ಟಿ, ನೆಟ್ಟಗೆ, ನಾಲ್ಕು ಮೊಳೆ, ಒಂದೂ ಸಡಿಲಿಲ್ಲ. ಅವನು ಅದನ್ನು ನೋಡಲಿಲ್ಲ. ಎರಡು ವರ್ಷದಿಂದ ಅದನ್ನು ನೋಡದೆ ಇರುವುದು ಅವನಿಗೆ ರೂಢಿಯಾಗಿತ್ತು. ಎದುರು ಮನೆಯವರೊಡನೆ ಮಾತು ಬಿಟ್ಟವರು ಗೇಟಿನ ಹತ್ತಿರ ಕಣ್ಣನ್ನು ಹೇಗೆ ಇಟ್ಟುಕೊಳ್ಳುತ್ತಾರೋ ಹಾಗೆ, ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಅದರಿಂದ ಒಂದು ಗೇಣು ಆಚೆಗೆ ನೋಡುತ್ತಿದ್ದ.

ಐದು ವರ್ಷದ ಹಿಂದೆ ಮನೆ ಕಟ್ಟುವಾಗ ಅವನಿಗಿದ್ದ ಕೆಲಸ ಟೇಪಿನ ತುದಿ ಹಿಡಿದುಕೊಳ್ಳುವುದು. ರಜೆ ಹಾಕಿ ಬಂದಿದ್ದ. ಹೊಸ ಕೈಗವಸು ಕೊಂಡಿದ್ದ. ಉಳಿ ಎತ್ತಿಕೊಂಡಾಗ ಮೈದುನ ಅದನ್ನು ಕೈಯಿಂದ ಮೆತ್ತಗೆ ಬಿಡಿಸಿಕೊಂಡು, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವಂತೆ, "ಭಾವ, ನೀವು ಸುಮ್ನೆ ಈ ತುದಿ ಹಿಡ್ಕೊಂಡು ನಿಂತ್ರೆ ಸಾಕು, ಅದೇ ದೊಡ್ಡ ಉಪಕಾರ" ಅಂದಿದ್ದ. ಕೆಲಸದವರು ನಕ್ಕಿದ್ದರು. ಕೈಗವಸು ಹೊಸದು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಅವತ್ತೇ ಮಧ್ಯಾಹ್ನ ಇರಬೇಕು, ಮೈದುನ ಕಿಟಕಿಯ ಚೌಕಟ್ಟು ಕೂರಿಸುತ್ತ ಅಕ್ಕನಿಗೂ ಕೆಲಸದವರಿಗೂ ಏನೋ ವಿವರಿಸುತ್ತಿದ್ದ, ಕೈಯಲ್ಲಿ ಮೂರು ಬೆರಳು ತೋರಿಸಿ. ಅವನು ಟೇಪಿನ ತುದಿ ಹಿಡಿದು ಬೇಲಿಯ ಕಡೆ ತಿರುಗಿ ನಿಂತಿದ್ದ. ಆ ಮನುಷ್ಯನಿಂದ ಏನನ್ನೂ ಕಲಿಯಬಾರದು ಎಂದು ಆ ಹೊತ್ತಿಗೆ ತೀರ್ಮಾನ ಮಾಡಿಯಾಗಿತ್ತು. ಹೆಂಡತಿ ಎಂದಿನಂತೆ ತಮ್ಮನ ಮಾತಿಗೆಲ್ಲ ತಲೆಯಾಡಿಸಿ, ಎಂದಿನಂತೆ ಅರ್ಧ ದಿನದಲ್ಲಿ ಮರೆತಳು. ಹೀಗೆ ಆ ಮೂರು ಬೆರಳಿನ ವಿಷಯ ಮನೆಯವರಿಬ್ಬರ ತಲೆಗೂ ಹೋಗಲೇ ಇಲ್ಲ.

ಮೊದಲ ಚಳಿಗಾಲದಲ್ಲಿ ಕಿಟಕಿ ಸಿಳ್ಳೆ ಹಾಕತೊಡಗಿತು. ಗಾಳಿ ಬೀಸಿದಾಗೆಲ್ಲ ಚೌಕಟ್ಟಿನ ಮೇಲಿಂದ ಸಣ್ಣಗೆ, ಹಲ್ಲಿನ ಸಂದಿಯಿಂದ ಬಂದಂತೆ. "ನನ್ನ ತಮ್ಮ ಕಟ್ಟಿದ ಮನೆ ನನ್ನನ್ನೇ ಚುಡಾಯಿಸ್ತಿದೆ ನೋಡಿ" ಎಂದು ಹೆಂಡತಿ ಕಂಬಳಿ ಎಳೆದುಕೊಂಡಳು. ಒಂದು ಭಾನುವಾರ ಅವಳು ಪೇಟೆಗೆ ಹೋದಾಗ ಅವನು ಪಟ್ಟಿ ಬಿಚ್ಚಿ ನೋಡಿದ. ಚೌಕಟ್ಟಿಗೂ ಅದರ ಮೇಲಿನ ದಿಮ್ಮಿಗೂ ನಡುವೆ ಮೂರು ಬೆರಳಗಲ ಖಾಲಿ. ಅಲ್ಲಿ ಸಡಿಲವಾಗಿ ಉಣ್ಣೆ ತುರುಕಿತ್ತು. ಅವನು ಬೆರಳಿಟ್ಟು ಮತ್ತೊಮ್ಮೆ ಅಳೆದ. ಮೂರು ಬೆರಳು! ಕೂದಲೆಳೆ ಹೆಚ್ಚು ಕಡಿಮೆಯಾದರೆ ಗಿರಾಕಿಗೆ ದಂಡ ಬರೆಯುವ ಕೋಣೆಯಲ್ಲಿ ಬದುಕು ಸವೆಸಿದವನಿಗೆ, ದೊಡ್ಡ ಬಡಗಿ ಮೂರು ಬೆರಳು ಅಳತೆ ತಪ್ಪಿ, ಉಣ್ಣೆ ತುರುಕಿ, ಪಟ್ಟಿ ಹೊಡೆದು ಮುಚ್ಚಿಹಾಕಿದ್ದಾನೆ ಎಂದು ಕಂಡದ್ದು ಹಬ್ಬದೂಟದಂತಿತ್ತು. ಒಂದು ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ಅದು ತಪ್ಪಲ್ಲ ಎಂದು ಮೈದುನ ಹೇಳಿಬಿಟ್ಟರೆ? ನೆಲಕ್ಕೆ ಹಾಸಿ ಮಿಕ್ಕಿದ್ದ ಗಟ್ಟಿ ಹಲಗೆಯನ್ನು ಕೊಯ್ದು ಹದಿನಾಲ್ಕು ಬೆಣೆ ಮಾಡಿದ. ಒಂದೊಂದನ್ನೂ ಅದರದರ ಜಾಗಕ್ಕೆ ಅಳೆದು, ಉಜ್ಜಿ, ಸೀಸದಕಡ್ಡಿಯಲ್ಲಿ ಒಂದರಿಂದ ಹದಿನಾಲ್ಕರವರೆಗೆ ಸಂಖ್ಯೆ ಹಾಕಿ, ಸುತ್ತಿಗೆಯಿಂದ ಬಡಿದು ಕೂರಿಸಿದ. ಬ್ಲೇಡು ತೂರದಷ್ಟು ಬಿಗಿ. ಮೇಲೆ ಪಟ್ಟಿಯನ್ನು ಮತ್ತೆ ಹೊಡೆದ. ಆ ಮನೆಯಲ್ಲಿ ಅವನ ಕೈಯಿಂದ ಆದ ಕೆಲಸ ಅದೊಂದೇ. ಅಂದು ರಾತ್ರಿ ಸಿಳ್ಳೆ ಬರಲಿಲ್ಲ. "ಅಂತೂ ನೀವೂ ಒಂದು ಮಾಡಿದ್ರಿ" ಎಂದಳು ಹೆಂಡತಿ. ಏನು ಮಾಡಿದಿರಿ ಎಂದು ಕೇಳಲಿಲ್ಲ. ಅವನು ಹೇಳಲೂ ಇಲ್ಲ.

ಹೊರಗೆ ವ್ಯಾನಿನ ಬಾಗಿಲು ಹಾಕಿದ ಸದ್ದಾಯಿತು.

ಕಂಪನಿಯವಳ ಹಿಂದೆ ಮೈದುನ ನಿಂತಿದ್ದ. ಎರಡು ವರ್ಷದಲ್ಲಿ ಸೊರಗಿದ್ದ ಅನ್ನುವ ಹಾಗಿಲ್ಲ. ದಪ್ಪಗಾಗಿದ್ದ, ಆದರೆ ಆಗಬಾರದ ಕಡೆ. ಕತ್ತಿನಲ್ಲಿ, ಗಲ್ಲದ ಕೆಳಗೆ. ಒಂದೇ ಕಡೆ ನಿಂತು ಮಾಡುವ ಕೆಲಸದ ದಪ್ಪ. ಗೋದಾಮಿನಲ್ಲಿ ಯಂತ್ರಗಳನ್ನು ಸಾಗಿಸುವ ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಾನೆ ಎಂದು ಯಾರೋ ಹೇಳಿದ್ದರು. ಮನೆ ಕಟ್ಟಿಸಬೇಕೆಂದಿದ್ದ ಇಬ್ಬರು ಅವನಿಗೆ ಕೊಟ್ಟಿದ್ದ ಮಾತು ಹಿಂದಕ್ಕೆ ತೆಗೆದುಕೊಂಡಿದ್ದರು. ಅಕ್ಕನ ಮನೆಯನ್ನೇ ನೆಟ್ಟಗೆ ಕಟ್ಟದವನು ನಮಗೇನು ಕಟ್ಟಿಯಾನು ಎಂದು. ಅದನ್ನು ಹೇಳಿಕೊಂಡು ತಿರುಗಿದವಳು ಅಕ್ಕನೇ.

"ಚಪ್ಪಲಿ ಇಲ್ಲೇ ಬಿಡ್ಲಾ, ಇಲ್ಲ ನಿಂತು ಮಾತಾಡಿಸಿ ಕಳಿಸ್ತೀರಾ?" ಎಂದ ಮೈದುನ.

"ಒಳಗೆ ಬಾ," ಎಂದಳು ಅಕ್ಕ. "ನಿನ್ನನ್ನ ಹೊರಗೆ ನಿಲ್ಸಿದೋರು ಯಾರು?"

"ಯಾರೂ ಇಲ್ಲಪ್ಪ. ನಾನೇ ಎರಡು ವರ್ಷ ದಾರಿ ಮರೆತಿದ್ದೆ."

ಅವನು ಮೈದುನನಿಗೆ ಕುರ್ಚಿ ತೋರಿಸಿದ. ಮೈದುನ ಕೂರಲಿಲ್ಲ. ಗೋಡೆಯ ದಿಮ್ಮಿಯ ಮೇಲೆ ಅಂಗೈ ಇಟ್ಟು ನಿಂತ, ಹಟ್ಟಿಯಲ್ಲಿ ಹಸುವಿನ ಮೈಮೇಲೆ ಇಡುವ ಹಾಗೆ. ಈ ಮನುಷ್ಯ ನನ್ನ ಮನೆಯೊಳಗೆ ಬಂದು ನನ್ನ ಗೋಡೆಯನ್ನು ಸಮಾಧಾನ ಮಾಡುತ್ತಿದ್ದಾನೆ ಎನಿಸಿ ಅವನಿಗೆ ಮೈ ಉರಿಯಿತು.

"ಬಣ್ಣ ಆಯ್ತಾ ಸರ್?" ಎಂದಳು ಕಂಪನಿಯವಳು. ಚಿಕ್ಕ ವಯಸ್ಸಿನವಳು, ಹೆಗಲಿಗೆ ಮೂರು ಕಾಲಿನ ಅಳತೆಯ ಯಂತ್ರ ನೇತುಹಾಕಿಕೊಂಡಿದ್ದಳು.

"ಅದನ್ನೇ ನೋಡ್ತಿದ್ದೆ. ಕಪ್ಪಿಗೂ ಕಂದಿಗೂ ವರ್ಷಕ್ಕೆ ಎಷ್ಟು ವ್ಯತ್ಯಾಸ ಬರುತ್ತೆ ಅಂತ ಒಂದು ಹಾಳೆ ಮಾಡಿದೀನಿ. ಕೂತ್ಕೊಳ್ಳಿ, ತೋರಿಸ್ತೀನಿ."

"ಹಾಳೆ ಆಮೇಲೆ ನೋಡೋಣ ಸರ್. ಮೊದ್ಲು ಮೇಲೆ ಹತ್ತಿ ಮಟ್ಟ ನೋಡ್ಬಿಡ್ತೀವಿ. ಮಟ್ಟ ಇಲ್ದೇ ಇದ್ರೆ ಯಾವ ಬಣ್ಣ ತಗೊಂಡೂ ಪ್ರಯೋಜನ ಇಲ್ಲ. ಇವು ಒಂದಕ್ಕೊಂದು ಕೊಂಡಿ ಹಾಕ್ಕೊಂಡು ಕೂರುತ್ವೆ. ಕೆಳಗೆ ಉಬ್ಬು ತಗ್ಗು ಇದ್ರೆ ಕೊಂಡಿ ಬಿಟ್ಕೊಳ್ಳುತ್ತೆ."

ಅವರು ಮೇಲೆ ಹತ್ತಿದರು. ಅವನು ಕೆಳಗೆ ಮೇಜಿನ ಮುಂದೆ ಕೂತು ಅವರ ಹೆಜ್ಜೆ ಕೇಳಿಸಿಕೊಂಡ. ಅಡುಗೆಮನೆಯ ಮೇಲೆ, ನಡುಮನೆಯ ಮೇಲೆ, ಸಾವಕಾಶವಾಗಿ, ಆಮೇಲೆ ಮಲಗುವ ಕೋಣೆಯ ಮೇಲೆ. ಅಲ್ಲಿ ಹೆಜ್ಜೆ ನಿಂತಿತು. ಅವನಿಗೆ ಕಿಟಕಿಯ ಗಾಜು ಒಡೆದ ದಿನ ನೆನಪಿಗೆ ಬರಲಿಲ್ಲ; ಅದಕ್ಕೂ ಹಿಂದಿನ ತಿಂಗಳು ಬಂತು. ಬಾಗಿಲು, ಉಳಿದ ಕಿಟಕಿ ಎಲ್ಲದರ ಮೇಲೂ ಅದೇ ತೆರನ ಪಟ್ಟಿಗಳಿವೆ ಎಂಬುದು ಅದೊಂದು ಬೆಳಿಗ್ಗೆ ಹಲ್ಲುಜ್ಜುವಾಗ ಅವನಿಗೆ ಹೊಳೆದಿತ್ತು. ಅವತ್ತು ಒಬ್ಬನೇ ಇದ್ದಾಗ ಒಂದೊಂದನ್ನೂ ಬಿಚ್ಚಿದ. ಎಲ್ಲ ಕಡೆಯೂ ಸಂದು ಇತ್ತು. ಎಲ್ಲ ಕಡೆಯೂ ಮೂರು ಬೆರಳಿದ್ದದ್ದು ಒಂದೂಕಾಲು ಬೆರಳಾಗಿತ್ತು. ಹಸಿ ದಿಮ್ಮಿ ಒಣಗುತ್ತ ಕುಗ್ಗುತ್ತದೆ, ಗೋಡೆ ವರ್ಷ ವರ್ಷ ಇಳಿಯುತ್ತದೆ, ಇಳಿಯಲಿಕ್ಕೆಂದೇ ಜಾಗ ಬಿಟ್ಟಿರುತ್ತದೆ. ಯಾರೂ ಹೇಳಿಕೊಡಬೇಕಾಗಲಿಲ್ಲ, ಅಳತೆಯೇ ಹೇಳಿತು. ಮನೆಯೆಲ್ಲ ಮೆಲ್ಲಗೆ ಕೆಳಗಿಳಿಯುತ್ತಿತ್ತು, ಒಂದು ಕಡೆ ಬಿಟ್ಟು. ಅಲ್ಲಿ ಹದಿನಾಲ್ಕು ಬೆಣೆ ಅದನ್ನು ಎತ್ತಿ ಹಿಡಿದಿದ್ದವು. ಅವನು ಪ್ರತಿ ಕಿಟಕಿಯ ಅಳತೆಯನ್ನೂ ಒಂದು ಚೀಟಿಯಲ್ಲಿ ಅಚ್ಚುಕಟ್ಟಾಗಿ ಬರೆದು, ಓದಿ, ಹರಿದು, ಚೂರುಗಳನ್ನು ಕಚೇರಿಯ ಕಸದ ಬುಟ್ಟಿಗೆ ಹಾಕಿದ. ಆ ಬೆಣೆಗಳನ್ನು ಕಿತ್ತುಹಾಕಲು ಅವತ್ತು ಅರ್ಧ ಗಂಟೆ ಸಾಕಾಗಿತ್ತು. ನಾಳೆ ಅಂದುಕೊಂಡ. ಕಿತ್ತರೆ ಸಿಳ್ಳೆ ಮತ್ತೆ ಶುರುವಾಗುತ್ತದೆ, ಹೆಂಡತಿ ಕೇಳುತ್ತಾಳೆ, ಹೇಳಬೇಕಾಗುತ್ತದೆ, ಅವಳು ತಮ್ಮನಿಗೆ ಹೇಳುತ್ತಾಳೆ, ಮೈದುನ ನಗುತ್ತಾನೆ. ಆ ನಗುವಿನ ಹತ್ತಿರಕ್ಕೆ ಬಂದಾಗಲೆಲ್ಲ ಕೈ ನಿಲ್ಲುತ್ತಿತ್ತು. ತಿಂಗಳಲ್ಲಿ ಗಾಜು ಒಡೆಯಿತು. ಹೆಂಡತಿ ತಮ್ಮನನ್ನು ಕರೆಸಿದಳು. "ಹಸಿ ಮರ ಹಾಕಿ ನಂಗೇ ಮೋಸ ಮಾಡಿದ್ಯಲ್ಲೋ" ಅಂದಳು. "ಇಲ್ಲ ಅಕ್ಕ, ಮೇಲೆ ಜಾಗ ಬಿಟ್ಟಿದೀನಿ, ಗಾಜಿನ ಮೇಲೆ ಭಾರ ಬೀಳೋ ಹಾಗೇ ಇಲ್ಲ. ಪಟ್ಟಿ ಬಿಚ್ಚಿ ನೋಡ್ತೀನಿ, ಒಂದೇ ನಿಮಿಷ" ಎಂದು ಮೈದುನ ಕೈಚೀಲಕ್ಕೆ ಕೈ ಹಾಕಿದ. ಆಗ ಬಾಗಿಲಲ್ಲಿ ನಿಂತಿದ್ದ ಭಾವ ಬಾಯಿ ತೆರೆದ. "ಬೇಡ ಬಿಡಪ್ಪ. ಇರೋದನ್ನೂ ಇನ್ನಷ್ಟು ಹಾಳು ಮಾಡ್ಬೇಡ." ಮೆತ್ತಗೇ ಹೇಳಿದ್ದ. ಎಷ್ಟು ಮೆತ್ತಗೆ ಎಂದರೆ ಹೆಂಡತಿ ಆ ಮೆತ್ತನೆಯಿಂದಲೇ ಕೆರಳಿದಳು. ನೋಡು, ನನ್ನ ಗಂಡ ಇಷ್ಟಾದರೂ ನಿನ್ನ ಮೇಲೆ ದನಿ ಎತ್ತಲಿಲ್ಲ, ನಡಿ ಆಚೆ ಅಂದಳು. ಮೈದುನ ಚೀಲ ಎತ್ತಿಕೊಂಡು ಹೋದ.

ಮೇಲಿನಿಂದ ಹೆಜ್ಜೆಗಳು ಏಣಿಯ ಕಡೆ ಬಂದವು.

"ಉಬ್ಬು ಇದೆ ಸರ್," ಎಂದಳು ಕಂಪನಿಯವಳು, ಕೈಯ ಧೂಳು ಕೊಡವುತ್ತ. "ಬೇರೆ ಎಲ್ಲ ಕಡೆ ನೂಲು ಹಿಡಿದ ಹಾಗಿದೆ. ಒಂದೇ ಒಂದು ಕಡೆ ಗುಡ್ಡ ಎದ್ದಿದೆ. ಹೀಗಿದ್ರೆ ಹೆಂಚು ಕೂರಲ್ಲ."

ಹೆಂಡತಿ ತಮ್ಮನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಸಿಟ್ಟು ಬರಲಿ ಎಂದು ಕಾಯುವ ದಣಿವಿತ್ತು. "ಈಗೇನು ಹೇಳ್ತೀಯ?"

"ನಾನೇನು ಹೇಳ್ಲಿ. ಗುಡ್ಡ ಇರೋದು ನಿಮ್ಮ ಮಲಗೋ ಕೋಣೆ ಕಿಟಕಿ ನೆತ್ತಿ ಮೇಲೆ. ಸರಿಯಾಗಿ ಅಲ್ಲೇ."

"ಮೇಸ್ತ್ರಿ, ಕಟ್ಟಿದ್ದರಲ್ಲಿ ದೋಷ ಅಂತ ಬರೆದ್ರೆ ನಿಮ್ಮ ಹೆಸರು ನಮ್ಮ ಪಟ್ಟೀಲಿ ಬರಲ್ಲ," ಎಂದಳು ಕಂಪನಿಯವಳು, ಸ್ವಲ್ಪ ಸಂಕೋಚದಿಂದ. ಆಮೇಲೆ ಮನೆಯವರ ಕಡೆ ನೋಡಿ, "ದಿಮ್ಮಿ ಮನೆ ಕೆಲಸ ಗೊತ್ತಿರೋರು ನಮಗೆ ಬೇಕಾಗಿದಾರೆ. ಇದು ಸರಿ ಇದ್ದಿದ್ರೆ ಇವ್ರನ್ನೇ ಕರೀಬೇಕು ಅಂತಿದ್ವಿ."

ಮೈದುನ ಪೆಟ್ಟಿಗೆಗೆ ಮೊಳೆ ಹೊಡೆಯುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದ.

"ಹೆಂಚೇ ಬೇಡ ಬಿಡಿ," ಎಂದ ಅವನು. ದನಿ ತನಗೇ ಜೋರಾಗಿ ಕೇಳಿಸಿತು. "ಹಿಂದುಗಡೆ ಖಾಲಿ ಜಾಗ ಇದೆಯಲ್ಲ. ಅಲ್ಲಿ ಕಂಬ ನೆಟ್ಟು ಮಾಮೂಲಿ ಸೋಲಾರ್ ಹಲಗೆ ಹಾಕ್ಸೋಣ. ಕರೆಂಟೂ ಇದಕ್ಕಿಂತ ಜಾಸ್ತಿ ಬರುತ್ತೆ. ಚಾವಣಿ ಮುಟ್ಟೋದೇ ಬೇಡ."

ಹೆಂಡತಿ ಅವನನ್ನು ನೋಡಿದಳು. "ಎರಡು ವಾರ ಹೆಂಚು ಹೆಂಚು ಅಂತ ಚೀಲದಲ್ಲಿ ಹೊತ್ಕೊಂಡು ತಿರುಗಿದೋರು ಈಗ ಬೇಡ ಅಂತೀರಾ?"

"ಉಬ್ಬು ಇದ್ಯಂತಲ್ಲ."

"ಉಬ್ಬು ಯಾಕಿದೆ ಅಂತ ನೋಡೋದು ಬೇಡ್ವಾ? ನಾಳೆ ಚಾವಣಿ ತಲೆ ಮೇಲೆ ಬಿದ್ರೆ ಹಿಂದಿನ ಕಂಬ ಬಂದು ಹಿಡಿಯುತ್ತಾ?"

"ಪಟ್ಟಿ ಬಿಚ್ಚಿದ್ರೆ ಗೊತ್ತಾಗುತ್ತೆ ಅಕ್ಕ," ಎಂದ ಮೈದುನ. "ಅವತ್ತೂ ಅದನ್ನೇ ಹೇಳಿದ್ದೆ."

ಅಡುಗೆಮನೆಯಲ್ಲಿ ಟೀ ಉಕ್ಕಿ ಒಲೆಯ ಮೇಲೆ ಸುಯ್ಯೆಂದಿತು. ಯಾರೂ ಹೋಗಿ ಆರಿಸಲಿಲ್ಲ. ಕೊನೆಗೆ ಹೆಂಡತಿಯೇ ಹೋಗಿ ಆರಿಸಿ, ವಾಪಸು ಬಂದು, "ಬಿಚ್ಚು" ಎಂದಳು.

ಮಲಗುವ ಕೋಣೆಯಲ್ಲಿ ನಾಲ್ಕು ಜನ ನಿಂತರೆ ಜಾಗವಿರುವುದಿಲ್ಲ. ಹಾಸಿಗೆ ಮಡಿಸಿರಲಿಲ್ಲ, ತನ್ನ ದಿಂಬಿನ ಮೇಲೆ ತಲೆಯ ಎಣ್ಣೆಯ ಗುರುತು ಕಂಪನಿಯವಳಿಗೆ ಕಾಣುತ್ತಿದೆ ಎಂದು ಅವನಿಗೆ ನಾಚಿಕೆಯಾಯಿತು. ಇಂಥ ಹೊತ್ತಿನಲ್ಲಿ ದಿಂಬಿಗೆ ನಾಚುತ್ತಿದ್ದೇನಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು. ಮೈದುನ ಗಿಡ್ಡ ಏಣಿಯನ್ನು ಕಿಟಕಿಗೆ ಒರಗಿಸಿ, ಚೀಲದಿಂದ ಇಕ್ಕಳ, ಸುತ್ತಿಗೆ ತೆಗೆದ. ಹಿಂತಿರುಗಿ ನೋಡದೆಯೇ, "ಭಾವ, ನೀವು ಏಣಿ ಹಿಡ್ಕೊಂಡು ನಿಂತ್ಕೊಳ್ಳಿ, ಸಾಕು" ಎಂದ.

ಬೇಕೆಂದೇ ಅಂದನೋ, ಕೆಲಸದವರಿಗೆ ಹೇಳಿ ಹೇಳಿ ಬಾಯಿಗೆ ಬಂದ ಮಾತೋ, ತಿಳಿಯಲಿಲ್ಲ. ಅದನ್ನು ಯೋಚಿಸುವಷ್ಟರಲ್ಲಿ ಅವನು ಮೈದುನನ ಕೈಯಿಂದ ಇಕ್ಕಳ ಕಿತ್ತುಕೊಂಡಾಗಿತ್ತು. "ನೀನು ಹಿಡ್ಕೋ," ಎಂದ. "ನನ್ನ ಮನೆ. ನಾನು ಬಿಚ್ತೀನಿ." ನಾಲ್ಕು ಮೆಟ್ಟಿಲು ಹತ್ತಿದ ಮೇಲೆ, ಪಟ್ಟಿ ಮೂಗಿನ ಮುಂದಿದ್ದಾಗ, ತಾನು ಏನು ಮಾಡಿಕೊಂಡೆ ಎಂಬುದು ಅವನಿಗೆ ಹೊಳೆಯಿತು. ಮೈದುನ ಹತ್ತಿದ್ದರೆ ತಾನು ಕೆಳಗೆ, ಬಾಗಿಲ ಹತ್ತಿರ, ಒಂದು ಮುಖ ಇಟ್ಟುಕೊಂಡು ನಿಂತಿರಬಹುದಿತ್ತು. ಆಶ್ಚರ್ಯದ ಮುಖ. ಈಗ ಮೂವರ ಕಣ್ಣೂ ಅವನ ಬೆನ್ನಿನ ಮೇಲೆ. ಮೊದಲ ಮೊಳೆಗೆ ಇಕ್ಕಳ ಹಾಕಿದ. ಐದು ವರ್ಷದ ಹಿಂದೆ ಬಲವಾಗಿ ಹೊಡೆದಿದ್ದ ಕೈ ತನ್ನದೇ, ಮೊಳೆ ಬರಲೊಲ್ಲದು. ಎಳೆದ. ಬಂತು. ಎರಡು, ಮೂರು, ನಾಲ್ಕು. ಪಟ್ಟಿ ಕಳಚಿ ಅವನ ಎದೆಯ ಮೇಲೆ ಒರಗಿತು. ಅದನ್ನು ಹಾಗೇ ಹಿಡಿದುಕೊಂಡು ನಿಂತ. ಹಿಡಿದುಕೊಂಡಿರುವಷ್ಟು ಹೊತ್ತು ಯಾರಿಗೂ ಏನೂ ಕಾಣುವುದಿಲ್ಲ.

"ಕೊಡಿ ಇಲ್ಲಿ," ಎಂದು ಹೆಂಡತಿ ಕೈ ಚಾಚಿ ಪಟ್ಟಿಯನ್ನು ಎಳೆದುಕೊಂಡಳು.

ಬೆಣೆಗಳು ಹಲ್ಲುಸಾಲಿನಂತೆ ಇದ್ದವು. ಒಂದೂ ಕದಲಿರಲಿಲ್ಲ. ನಡುವಿನವು ಭಾರಕ್ಕೆ ಜಜ್ಜಿ ಅಂಚು ಕಪ್ಪಾಗಿದ್ದವು. ಸೀಸದಕಡ್ಡಿಯ ಸಂಖ್ಯೆಗಳು ಇನ್ನೂ ನಿನ್ನೆ ಬರೆದಂತಿದ್ದವು. ಎಷ್ಟು ಒಳ್ಳೆಯ ಕೆಲಸ, ಎನಿಸಿತು ಅವನಿಗೆ. ಆ ಯೋಚನೆಯನ್ನು ಅವನು ತಡೆಯುವಷ್ಟರಲ್ಲಿ ಅದು ಬಂದು ಹೋಗಿತ್ತು.

"ಇದು ನಿಮ್ಮ ಅಕ್ಷರ," ಎಂದಳು ಹೆಂಡತಿ.

"ಗಾಳಿ ಬರ್ತಿತ್ತಲ್ಲ. ಸಿಳ್ಳೆ. ನೀನೇ ಅಂದಿದ್ಯಲ್ಲ."

"ಮೊದಲ್ನೇ ವರ್ಷ?"

"ಹೂಂ."

ಅವನು ಗೋಡೆಯ ಕಡೆಗೇ ಮುಖ ಮಾಡಿ ಕಾದ. ಬೈಗುಳಕ್ಕೆ ಬೆನ್ನು ಸಿದ್ಧವಾಗಿತ್ತು. ಬಂದದ್ದು ನಗು. ಮೊದಲು ಮೈದುನನದು, ಮೂಗಿನಿಂದ ಶುರುವಾಗಿ, ತಡೆಯಲಾಗದೆ ಹೊಟ್ಟೆಗಿಳಿದು, ಏಣಿಯನ್ನೇ ಅಲುಗಾಡಿಸಿದ ನಗು.

"ಅಯ್ಯೋ ಭಾವ! ಮನೆ ಕೆಳಗಿಳೀತೀನಿ ಅಂತಿದ್ರೆ ನೀವು ಒಬ್ರೇ ತಲೆ ಕೊಟ್ಟು ಎತ್ತಿ ಹಿಡಿದುಬಿಟ್ರಲ್ಲ! ನಂಬರ್ ಬೇರೆ ಹಾಕಿದೀರಲ್ರೀ! ಮೀಟರ್ ಅಂದ್ಕೊಂಡ್ರಾ?"

"ಸೀಲ್ ಒಂದು ಹಾಕಿಲ್ಲ," ಎಂದಳು ಹೆಂಡತಿ. ಅವಳೂ ನಗುತ್ತಿದ್ದಳು. ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. "ನಾನು ನಿನ್ನನ್ನ ಏನೆಲ್ಲ ಅಂದೆನೋ... ಊರೆಲ್ಲ ಅಂದೆನಲ್ಲೋ..."

"ಬಿಡು ಅಕ್ಕ. ಭಾವನಿಗೆ ಏನು ಗೊತ್ತು ಪಾಪ. ಗೊತ್ತಿಲ್ದೆ ಮಾಡಿದ್ದು."

"ಇವ್ರಿಗೆ ಗೊತ್ತಾಗಬೇಕು ಅಂದ್ರೆ ಎಲ್ಲದಕ್ಕೂ ಒಂದು ಮುಳ್ಳು ಇರಬೇಕು ನೋಡು, ತಿರುಗೋಕೆ. ನಮ್ಮ ಅಪ್ಪ ಹೇಳ್ತಿದ್ರು, ಇವನ ಕೈಗೆ ಸುತ್ತಿಗೆ ಕೊಟ್ರೆ ಅದನ್ನೂ ತೂಕ ಹಾಕ್ತಾನೆ ಅಂತ."

ಕಂಪನಿಯವಳು ಹಾಳೆಯ ಮೇಲೆ ಬಾಗಿ, ತುಟಿ ಕಚ್ಚಿಕೊಂಡು, ಬರೆಯುವವಳಂತೆ ನಗುತ್ತಿದ್ದಳು. "ಇದು ಸುಲಭ ಸರ್, ಬೆಣೆ ತೆಗೆದ್ರೆ ಒಂದೆರಡು ತಿಂಗಳಲ್ಲಿ ತಾನೇ ಇಳಿದು ಕೂರುತ್ತೆ. ಆಮೇಲೆ ಹೆಂಚು ಹಾಕ್ಬಹುದು. ಕಟ್ಟಿದ್ದರಲ್ಲಿ ದೋಷ ಇಲ್ಲ, ಮಾಲೀಕರು ಗೊತ್ತಿಲ್ಲದೆ ಮಾಡಿದ್ದು ಅಂತ ಬರೀತೀನಿ. ಯಾರಿಗೂ ತೊಂದ್ರೆ ಇಲ್ಲ."

ಯಾರಿಗೂ ತೊಂದರೆಯಿಲ್ಲ. ಮುಗಿಯಿತು. ಎರಡು ವರ್ಷ ಎದೆಯ ಮೇಲೆ ಇಟ್ಟುಕೊಂಡು ಮಲಗಿದ್ದು ಇಷ್ಟೇ ಆಗಿತ್ತು, ಮೂರು ಜನರ ಒಂದು ನಗು. ಇನ್ನು ಅವನು ಮಾಡಬೇಕಾದ್ದು ಸುಮ್ಮನಿರುವುದೊಂದೇ; ಅದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಅವನು ಒಂದನೆಯ ಬೆಣೆಗೆ ಇಕ್ಕಳ ಹಾಕಿ ಎಳೆದ. "ಹಾಂ, ಹಾಗೇ, ಒಂದು ಕಡೆಯಿಂದ ಬನ್ನಿ ಭಾವ, ನಿಧಾನ. ಮುಖ ಸ್ವಲ್ಪ ಹಿಂದಕ್ಕಿಟ್ಕೊಳ್ಳಿ" ಎಂದು ಮೈದುನ ಕೆಳಗಿನಿಂದ ಹೇಳಿಕೊಡುತ್ತಿದ್ದ, ಐದು ವರ್ಷದ ಹಿಂದಿನ ಅದೇ ದನಿಯಲ್ಲಿ. ಎರಡು. ಮೂರು. ಅಕ್ಕ ತಮ್ಮಂದಿರು ಮಾತಾಡತೊಡಗಿದ್ದರು. ಗೋದಾಮಿನ ಕೆಲಸ ಬಿಟ್ಟುಬಿಡು. ಬಿಡ್ತೀನಿ, ಇವ್ರು ಕರೆದ್ರೆ. ತೂಕ ಎಷ್ಟು ಹಾಕಿದೀಯ ನೋಡು. ನಿನ್ನ ಕೂದ್ಲು ಎಷ್ಟು ಹಣ್ಣಾಯ್ತು ಅದನ್ನ ನೋಡ್ಕೋ. ಆರನೆಯದನ್ನು ಕಿತ್ತಾಗ ದಿಮ್ಮಿ ಒಮ್ಮೆ ಮುಲುಗಿತು. ಎಂಟನೆಯದಕ್ಕೆ ಎಲ್ಲೋ ಗೋಡೆಯೊಳಗೆ ಫಟ್ಟೆಂದು ಸದ್ದಾಗಿ ಸಣ್ಣ ಧೂಳು ಅವನ ರೆಪ್ಪೆಯ ಮೇಲೆ ಉದುರಿತು. "ಇಳೀತಾ ಇದೆ, ಒಳ್ಳೇದು" ಎಂದ ಮೈದುನ. "ಹಂಗಾದ್ರೆ ಕಂದು ಹೆಂಚೇ ಇರಲಿ," ಎಂದು ಹೆಂಡತಿ ಕಂಪನಿಯವಳಿಗೆ ಹೇಳಿದಳು. ಅವನನ್ನು ಕೇಳಲಿಲ್ಲ. "ಇವ್ರ ಹಾಳೆ ಗೀಳೆ ನೋಡ್ಬೇಡಿ ನೀವು. ಪಾಪ, ಅವ್ರಿಗೇನು ಗೊತ್ತಾಗುತ್ತೆ."

ಒಂಬತ್ತು. ಹತ್ತು. ಪಾಪ. ಇನ್ನು ಮೇಲೆ ಈ ಮನೆಯಲ್ಲಿ ಅದೇ ತನ್ನ ಹೆಸರು. ಹೆಂಚು ಹಾಕುವ ದಿನ ಈ ಕಥೆ ಹೇಳಿ ನಗುತ್ತಾರೆ. ಬಂದವರಿಗೆಲ್ಲ ಕಿಟಕಿ ತೋರಿಸಿ ಹೇಳುತ್ತಾರೆ. ತಾನು ಕುರ್ಚಿಯಲ್ಲಿ ಕೂತು ಜೊತೆಗೆ ನಗಬೇಕಾಗುತ್ತದೆ. ಮೈದುನ ಕೊಟ್ಟ ಕ್ಷಮೆಯನ್ನು ಅವನು ಕೇಳಿರಲಿಲ್ಲ. ಅದನ್ನು ಮೈದುನ ಎಷ್ಟು ಹಗುರವಾಗಿ ಕೊಟ್ಟ, ಎರಡು ವರ್ಷದ ಅನ್ನವನ್ನು ಚಿಲ್ಲರೆಯಂತೆ ಬಿಟ್ಟುಕೊಟ್ಟ, ದಡ್ಡನಿಗೆ ಅಷ್ಟೇ ಸಾಕೆಂಬಂತೆ. ದಡ್ಡ! ಆ ಮನೆಯ ಪ್ರತಿ ಕಿಟಕಿಯನ್ನೂ ಕೂದಲೆಳೆ ತಪ್ಪದಂತೆ ಅಳೆದು, ಏನಾಗುತ್ತಿದೆ, ಯಾಕಾಗುತ್ತಿದೆ, ಯಾರಿಂದಾಗುತ್ತಿದೆ ಎಂದು ಒಬ್ಬನೇ ಕಂಡುಹಿಡಿದವನು ಅವನು. ಅದೊಂದು ಅವನಿಂದ ಆದ ಸರಿಯಾದ ಪರೀಕ್ಷೆ. ಪಶ್ಚಾತ್ತಾಪವೆಂದು ಆಮೇಲೆ ಯಾರಾದರೂ ಹೆಸರಿಟ್ಟಾರು. ಅದು ಪಶ್ಚಾತ್ತಾಪವಾಗಿರಲಿಲ್ಲ.

"ನಂಗೆ ಗೊತ್ತಿತ್ತು," ಎಂದ.

"ಏನು ಭಾವ?"

ಅವನು ಹನ್ನೊಂದನೆಯದನ್ನು ಕಿತ್ತು ಕೆಳಗೆ ಹಾಕಿದ. "ನೀನು ಬಿಚ್ಚಿ ನೋಡ್ತೀನಿ ಅಂದ್ಯಲ್ಲ, ಬೇಡ ಅಂದೆನಲ್ಲ. ಆಗ ಗೊತ್ತಿತ್ತು. ಅದಕ್ಕೂ ಒಂದು ತಿಂಗಳ ಮುಂಚೆಯಿಂದ. ಎಲ್ಲಾ ಕಿಟಕಿ ಅಳೆದು ನೋಡಿದ್ದೆ. ಇದರಿಂದಲೇ ಆಗ್ತಿರೋದು ಅಂತ ಗೊತ್ತಾಗಿತ್ತು. ಗೊತ್ತಿದ್ದೇ ಅಂದೆ."

ಕಂಪನಿಯವಳ ಲೇಖನಿ ಹಾಳೆಯ ಮೇಲೆ ಓಡುತ್ತಿದ್ದದ್ದು ನಿಂತಿತು.

"ಗೊತ್ತಿದ್ದು ಸುಮ್ನಿದ್ರಾ?" ಎಂದಳು ಹೆಂಡತಿ. "ನಾನು ಇವನನ್ನ ಆಚೆ ಹಾಕ್ತಿದ್ದಾಗ?"

"ಸುಮ್ನಿರ್ಲಿಲ್ಲ. ಹೇಳಿದ್ನಲ್ಲ, ಹಾಳು ಮಾಡ್ಬೇಡ ಅಂತ."

ಯಾರೂ ನಗಲಿಲ್ಲ. ಅವನಿಗೆ ಬೇಕಾಗಿದ್ದುದು ಇದೇ. ಒಂದು ಕ್ಷಣ ಮೈಯೆಲ್ಲ ಹಗುರವಾಗಿ, ಆ ಕೋಣೆಯಲ್ಲಿ ತಾನೇ ಎತ್ತರದಲ್ಲಿದ್ದೇನೆ ಎನಿಸಿತು. ಆಮೇಲೆ, ಏಣಿಯ ಎರಡು ಬದಿಗೆ ಹಿಡಿದಿದ್ದ ಕೈಗಳು ಮೆಲ್ಲಗೆ, ಮೊದಲು ಎಡಗಡೆಯದು, ಆಮೇಲೆ ಬಲಗಡೆಯದು, ಬಿಟ್ಟುಕೊಂಡದ್ದು ಅವನ ಅಂಗಾಲಿಗೆ ತಿಳಿಯಿತು. ಹೆಜ್ಜೆಗಳು ಹಿಂದಕ್ಕೆ ಸರಿದವು. ಹಾಸಿಗೆಯ ಅಂಚಿನಲ್ಲಿ ಯಾರೋ ಕೂತರು, ಹೆಂಡತಿ ಇರಬೇಕು. ಇಳಿಯಬೇಕಾದರೆ 'ಹಿಡ್ಕೋ' ಅನ್ನಬೇಕು. ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಬೆನ್ನ ಹಿಂದೆ ಮೂರು ಜನ ಉಸಿರಾಡುತ್ತಿದ್ದರು, ಕಣ್ಣ ಮುಂದೆ ಇನ್ನೂ ಮೂರು ಬೆಣೆ ಇದ್ದವು, ಮನೆಯ ಆ ಮಗ್ಗುಲಿನ ಭಾರವೆಲ್ಲ ಈಗ ಅವುಗಳ ಮೇಲೆ. ಅವನು ಹನ್ನೆರಡನೆಯದಕ್ಕೆ ಇಕ್ಕಳ ಹಾಕಿದ.